ಗೋಡೆ ನೋಡುವ ಬೆಂಚು

ತುಂಬಾ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಆ ಊರಿನ ಮೂವರು ಮುದುಕರನ್ನು ಕೇಳಿದರೆ ಮೂರು ಕಾಲ ಹೇಳುತ್ತಾರೆ, ಮೂವರೂ ಆಣೆ ಮಾಡಿಯೇ ಹೇಳುತ್ತಾರೆ. ಕಡಕೊಪ್ಪ ಅಂತ ಒಂದು ಊರು. ಊರೊಳಗೊಂದು ಅರಳೆ ಗಿರಣಿ, ಗುಡ್ಡದ ಮೇಲೊಂದು ಕಾಲೇಜು, ಗುಡ್ಡದ ಬುಡಕ್ಕೆ ಕಾಲೇಜಿನ ಫುಟ್‌ಬಾಲ್ ಮೈದಾನ, ಮೈದಾನಕ್ಕೆ ಅಂಟಿಕೊಂಡೇ ಸುಡುಗಾಡು. ನಡುವೆ ಎದೆಮಟ್ಟದ ಒಂದು ಸುಣ್ಣದ ಗೋಡೆ. ಚೆಂಡು ಗೋಡೆ ದಾಟಿ ಆಚೆ ಬಿದ್ದರೆ ತರುವವರು ಯಾರು ಅನ್ನುವ ಜಗಳದಲ್ಲೇ ಅರ್ಧ ಆಟ ಮುಗಿದುಹೋಗುತ್ತಿತ್ತಂತೆ.

ಆ ಊರಲ್ಲಿ ಕೊಂಡಿಬಾ ಅಂತ ಒಬ್ಬ ಜೀನಗಾರ ಇದ್ದ. ಕುದುರೆಗೆ ಜೀನು ಹೊಲಿಯುವುದು ಮನೆತನದ ಕಸುಬು. ಕುದುರೆಗಳು ಹೋದವು, ಕುದುರೆ ಏರುವವರೂ ಹೋದರು, ದಬ್ಬಣ ಮಾತ್ರ ಕೊಂಡಿಬಾನ ಕೈಯಲ್ಲಿ ಉಳಿಯಿತು. ಆಗ ಕಾಲೇಜಿನವರು ಒಂದು ಹರಿದ ತೊಗಲಿನ ಚೆಂಡು ತಂದು ಅವನ ಮುಂದಿಟ್ಟರು. ಅವನು ಅದನ್ನು ಹೊಲಿದ. ಹೊಲಿದು ಮೈದಾನದವರೆಗೆ ತಾನೇ ಒಯ್ದುಕೊಟ್ಟ. ಕೊಟ್ಟವನು ಆಟ ನೋಡುತ್ತ ನಿಂತ. ನಿಂತವನು ಹನ್ನೊಂದು ವರ್ಷ ಅಲ್ಲಿಂದ ಕದಲಲಿಲ್ಲ.

ಅವನು ಹೊಲಿದ ಚೆಂಡು ಒಮ್ಮೆ ರೈಲಿನ ಗಾಲಿಗೆ ಸಿಕ್ಕು, ಚೆಂಡಿಗೇನೂ ಆಗದೆ ರೈಲೇ ಹಳಿ ತಪ್ಪಿತು ಅಂತಾರೆ. ಇದನ್ನು ನಂಬಬೇಡಿ, ಆ ಊರಿಗೆ ರೈಲೇ ಇಲ್ಲ. ಆದರೆ ಒದೆತದ ಸಪ್ಪಳ ಕೇಳಿಯೇ ಅದು ಯಾರ ಕಾಲು, ಎಡಗಾಲೋ ಬಲಗಾಲೋ ಅಂತ ಹೇಳುತ್ತಿದ್ದ ಅಂತಾರಲ್ಲ, ಅದನ್ನು ನಂಬಿ. ಅದಕ್ಕೆ ಸಾಕ್ಷಿ ಇದೆ. ಸಾಕ್ಷಿ ಮುಂದೆ ಬರುತ್ತಾನೆ.

ಹನ್ನೊಂದು ವರ್ಷ ಅವನು ಆಟ ನೋಡಿದ. ಹನ್ನೊಂದು ವರ್ಷವೂ ಕಾಲೇಜಿನವರು ಸೋತರು. ಬಿಸಿಲಲ್ಲಿ ಸೋತರು, ಕೆಸರಲ್ಲಿ ಸೋತರು, ಎದುರಿನ ತಂಡದಲ್ಲಿ ಒಂಬತ್ತೇ ಜನ ಬಂದಾಗಲೂ ಸೋತರು. ಸೋತ ಹುಡುಗರು ತಲೆ ತಗ್ಗಿಸಿ ಬಂದರೆ ಕೊಂಡಿಬಾ ಚೆಂಡಿನ ಮಣ್ಣು ಒರೆಸುತ್ತ, ಮುಂದಿನ ಸಲ ಗೆಲ್ಲುತ್ತೀರಿ ಅನ್ನುತ್ತಿದ್ದನಂತೆ.

ಹನ್ನೆರಡನೆಯ ವರ್ಷ ದಬ್ಬಣಕ್ಕೆ ದಾರ ಪೋಣಿಸುವಾಗ ದಾರ ಎರಡಾಗಿ ಕಾಣತೊಡಗಿತು. ಆಮೇಲೆ ಬಲಗಡೆಯ ಲೋಕವೇ ಅಂಚಿನಿಂದ ಕತ್ತಲಾಗುತ್ತ ಬಂತು. ಹೆಂಡತಿ ಅಂಬೂಬಾಯಿ ಅವನನ್ನು ದೊಡ್ಡ ಊರಿನ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಎರಡೂ ಕಣ್ಣಿನ ಬೆಳಕು ಪೂರ್ತಿ ಆರುತ್ತದೆ, ಮಾಡುವಂಥದ್ದು ಏನೂ ಇಲ್ಲ ಅಂದರು ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಕೊಂಡಿಬಾ ಹೆಂಡತಿಗೆ ಒಂದೇ ಮಾತು ಹೇಳಿದ: ಕಣ್ಣು ಹೋಗುವುದರೊಳಗೆ ನಮ್ಮ ಹುಡುಗರು ಗೆಲ್ಲುವುದನ್ನು ಒಮ್ಮೆ ನೋಡಬೇಕು. ಬೇರೆ ಯಾರಿಗೂ ಹೇಳಬಾರದೆಂದು ಕೈ ಮುಟ್ಟಿಸಿ ಅವಳಿಂದ ಆಣೆ ಮಾಡಿಸಿಕೊಂಡ.

ಆ ವರ್ಷದ ಮೊದಲ ಆಟ. ಎದುರಿನವರು ಒಂದು ಗೋಲು ಹೊಡೆದರು, ಕೊಂಡಿಬಾ ನೋಡಿದ. ಅಷ್ಟರಲ್ಲಿ ಮೀಸಲು ಚೆಂಡಿನ ಬಾಯಿ ಬಿಚ್ಚಿಕೊಂಡಿತು. ದಾರ ಪೋಣಿಸಲು ಅವನಿಗೀಗ ಬಿಳಿಯದೊಂದು ಹಿನ್ನೆಲೆ ಬೇಕಿತ್ತು. ಆಟಕ್ಕೆ ಬೆನ್ನು ಮಾಡಿ ಸುಣ್ಣದ ಗೋಡೆಯತ್ತ ತಿರುಗಿದ. ಹಿಂದಿನಿಂದ ಹೋ ಅಂತ ಕೂಗು, ನಮ್ಮವರ ಗೋಲು! ತಟ್ಟನೆ ತಿರುಗಿ ನೋಡಿದ. ಅವನು ನೋಡುತ್ತಿರುವಂತೆಯೇ ಎದುರಿನವರು ಇನ್ನೊಂದು ಹೊಡೆದರು. ಬೇಸರದಿಂದ ಮತ್ತೆ ಗೋಡೆಯತ್ತ ತಿರುಗಿದ. ಹೊಲಿಗೆ ಮುಗಿಯುವುದರೊಳಗೆ ನಮ್ಮವರು ಮತ್ತೆರಡು ಹೊಡೆದು ಗೆದ್ದೇಬಿಟ್ಟರು. ಹನ್ನೊಂದು ವರ್ಷದ ಮೇಲೆ ಒಂದು ಗೆಲುವು. ಅದರ ಮೂರು ಗೋಲಿನಲ್ಲಿ ಒಂದನ್ನೂ ಅವನು ಕಾಣಲಿಲ್ಲ.

ಮೈದಾನದ ಬಾಯಿಗೇ ಗೂಳಪ್ಪನ ಚಹಾದಂಗಡಿ. ಈ ಗೂಳಪ್ಪನ ಚಾಷ್ಟಿಗೆ, ಅಂದರೆ ಕುಚೋದ್ಯಕ್ಕೆ, ಬೀಳದವರು ಊರಲ್ಲಿ ಇರಲಿಲ್ಲ. ಬದುಕಿದ್ದವರು ಸತ್ತರೆಂದು ಸುದ್ದಿ ಹಬ್ಬಿಸಿ, ಅಳಲು ಬಂದವರಿಗೆ ಚಹಾ ಮಾರಿದವನು. ಆವತ್ತು ಅಂಗಡಿ ತುಂಬ ಜನ, ನಡುವೆ ಕೊಂಡಿಬಾನೂ ಇದ್ದ. ಗೂಳಪ್ಪ ಜಾಲರಿ ಎತ್ತಿ ಹಿಡಿದು ಕೂಗಿದ:

"ಕಾಕಾ, ರೋಗ ಸಿಕ್ಕತು ನೋಡು! ಹನ್ನೊಂದು ವರ್ಷದಿಂದ ಈ ಹುಡುಗರನ್ನ ಸೋಲಿಸಿದಾಂವ ನೀನ! ನಿನ್ನ ಕಣ್ಣು ಬಿತ್ತಂದ್ರ ಚೆಂಡು ಅಂಜತೈತಿ. ಇನ್ನ ಮುಂದ ಮಾರಿ ಆ ಕಡೆ ಮಾಡಿ ಕೂಡು ಮಾರಾಯ. ಸುಡುಗಾಡರ ನೋಡು, ಹೆಂಗೂ ಹೋಗೂ ಊರು ಅದು."

ಅಂಗಡಿಗೆ ಅಂಗಡಿಯೇ ನಕ್ಕಿತು. ಕೊಂಡಿಬಾ ನಗಲಿಲ್ಲ. ಕಪ್ಪು ಬಸಿ ಕೆಳಗಿಟ್ಟು ಎದ್ದುಹೋದ.

ಎರಡನೆಯ ಆಟಕ್ಕೆ ಅವನು ಬಂದವನೇ ಗೋಡೆಗೆ ಮುಖ ಮಾಡಿ ಕೂತ. ನಮ್ಮವರು ನಾಲ್ಕು ಗೋಲು ಹೊಡೆದು ಗೆದ್ದರು. ಮೂರನೆಯದಕ್ಕೂ ಹಾಗೇ ಕೂತ, ಮೂರನೆಯದೂ ಗೆದ್ದರು. ನಾಲ್ಕನೆಯದರ ಹೊತ್ತಿಗೆ ಚಾಷ್ಟಿ ಹೋಗಿ ಪದ್ಧತಿಯಾಯಿತು. ಗಿರಣಿಯ ಬಡಿಗ ಅವನಿಗೆಂದೇ ಒಂದು ಬೆಂಚು ಮಾಡಿಕೊಟ್ಟ. ತಂಡದ ನಾಯಕ ಅಂದಾನೆಪ್ಪ ಆಟಕ್ಕೆ ಮೊದಲು ಕಾಕಾನ ಕಾಲು ಮುಟ್ಟಿ, ಹೆಗಲು ಹಿಡಿದು, ಗೋಡೆಯತ್ತ ತಿರುಗಿಸಿ ಕೂಡಿಸಿಯೇ ಕಣಕ್ಕಿಳಿಯುತ್ತಿದ್ದ. ಪರ ಊರಿನಲ್ಲಿ ಆಟವಿದ್ದರೆ ಬೆಂಚು ಬಸ್ಸಿನ ಮೇಲೇರಿ ಜೊತೆಗೆ ಹೋಗುತ್ತಿತ್ತು. ಕೆಮ್ಮು ಬಂದು ಅವನ ತಲೆ ಒಂದಿಷ್ಟು ಆಚೀಚೆಯಾದರೂ ಸಾಕು, ನೂರು ಬಾಯಿ ಒಟ್ಟಿಗೆ ಕೂಗುತ್ತಿದ್ದವು: "ಏ ಕಾಕಾ, ಗೋಣು! ಗೋಣು!"

ಹೀಗೆ ಊರೆಲ್ಲ ಗೆಲುವು ನೋಡಿತು, ಅವನು ಗೋಡೆ ನೋಡಿದ. ಸುಣ್ಣ ಎಲ್ಲೆಲ್ಲಿ ಉದುರಿದೆ, ಇರುವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಗೋಡೆಯ ಬಲಗಡೆ ಉದ್ದಕ್ಕೊಂದು ಬಿರುಕಿತ್ತು. ಊರಲ್ಲೇ ನಡೆದ ಏಳನೆಯ ಆಟದ ದಿನ ಅದು ಕಾಣಲಿಲ್ಲ. ಯಾರೂ ಗಾರೆ ಮೆತ್ತಿಲ್ಲ ಅಂತ ಅವನಿಗೆ ಗೊತ್ತಿತ್ತು.

ಅಂಬೂಬಾಯಿ ತಡೆಯಲಾರದೆ ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಒಂದ ಸಲ ಹೊಳ್ಳಿ ನೋಡ್ರಿ. ಸೋತರ ಸೋಲ್ಲಿ. ಅವರಿಗೇನು, ಮುಂದಿನ ವರ್ಷ ಐತಿ."

"ಹನ್ನೊಂದು ವರ್ಷ ಕಣ್ಣು ತುಂಬ ನೋಡೀನಿ, ಅಂಬೂ. ಎಷ್ಟ ಹುಡುಗರು ಸೋತು ಹೋದರು. ಅವರನ್ನ ಸೋಲಿಸಿದಾಂವ ನಾನು," ಅಂದ ಕೊಂಡಿಬಾ. ಅದನ್ನು ಅವನು ನಿಜವಾಗಿ ನಂಬಿದ್ದ. ಹೆದರಿ ತಿರುಗದೆ ಕೂತವನಲ್ಲ. ಆ ಹುಡುಗರ ಸಾಲ ತೀರಿಸುತ್ತ ಕೂತವನು.

ಗೆಲ್ಲುತ್ತ ಗೆಲ್ಲುತ್ತ ಕಾಲೇಜುಗಳ ಕಪ್ಪಿನ ಫೈನಲ್ ಬಂತು. ಆ ವರ್ಷ ಫೈನಲ್ ಆಡಿಸುವ ಪಾಳಿ ಕಡಕೊಪ್ಪದ್ದೇ. ಆವತ್ತು ಮಧ್ಯಾಹ್ನ, ಜೀವಮಾನದಲ್ಲಿ ಚಹಾದಂಗಡಿಯ ಮೆಟ್ಟಿಲು ತುಳಿಯದ ಅಂಬೂಬಾಯಿ ಗಂಡಸರ ನಡುವೆ ಬಂದು ಗೂಳಪ್ಪನೆದುರು ನಿಂತಳು. ಅವನನ್ನು ಒಳಗೆ ಕರೆದು, ಕೊಟ್ಟ ಆಣೆ ಮುರಿದು, ಕಣ್ಣಿನ ಸಂಗತಿ ಹೇಳಿದಳು. "ನೀ ಆಡಿದ ಮಾತು ನೀನ ಹೊಳ್ಳಿ ತಗೋ, ಗೂಳಪ್ಪಾ. ನೀ ಹೇಳಿದ್ರ ಕೇಳ್ತಾರ," ಅಂದಳು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು. ಗೂಳಪ್ಪ ಅದನ್ನು ಹಾಗೇ ಬಿಟ್ಟು ಓಡಿದ ಅಂತಾರೆ.

ಆಟ ಶುರುವಾಗಿತ್ತು. ಗೂಳಪ್ಪ ಬೆಂಚಿನ ಮುಂದೆ ಕುಕ್ಕರಿಸಿ ಕೂತು ಕೊಂಡಿಬಾನ ಎರಡೂ ಪಾದ ಹಿಡಿದ. "ಕಾಕಾ, ಅದು ಬರೇ ಚಾಷ್ಟಿ. ನಗಸ್ಲಿಕ್ಕೆ ಅಂದದ್ದು. ಹೊಳ್ಳಿ ನೋಡು, ನಿನಗ ಕೈ ಮುಗೀತೀನಿ."

ಕೊಂಡಿಬಾ ನಕ್ಕ. "ಹೋದ ವರ್ಷ ನಾ ಸತ್ತೇನಿ ಅಂತ ನಮ್ಮ ಬೀಗರಿಗೆ ತಂತಿ ಕೊಟ್ಟಿದ್ದಿಯಲ್ಲ, ಆವತ್ತೂ ಹಿಂಗ ಪಾದ ಹಿಡದಿದ್ದಿ, ಗೂಳ್ಯಾ. ಇದು ಯಾವ ಹೊಸ ಆಟ?"

"ಇದು ಖರೇನೋ ಮಾರಾಯ! ಅಂಬಕ್ಕ ಎಲ್ಲಾ ಹೇಳ್ಯಾಳ, ನಿನ್ನ ಕಣ್ಣು..."

ಕೊಂಡಿಬಾ ಅವನ ಬಾಯಿಗೆ ಕೈ ಅಡ್ಡ ಹಿಡಿದ. ನಗು ಹೋಗಿತ್ತು. "ಹುಡುಗರ ಕಿವಿಗೆ ಬಿದ್ದರ ಅವರ ಕಾಲು ಏಳಂಗಿಲ್ಲ. ಸುಮ್ನಿರು."

ಗೂಳಪ್ಪ ಸುಮ್ಮನಿದ್ದ. ಎಷ್ಟು ಹೊತ್ತು? ಒಂದೊಂದು ಗೋಲಿನಲ್ಲಿ ಆಟ ಸಮ ನಿಂತು, ಕೊನೆಯ ಗಳಿಗೆ ಬರುವವರೆಗೆ. ಆಮೇಲೆ ತಡೆಯದೆ ಕೊಂಡಿಬಾನ ಹೆಗಲಿಗೆ ಕೈ ಹಾಕಿ, ಎಳೆದು ಮೈದಾನದತ್ತ ತಿರುಗಿಸಹೋದ. ಜನ ಹೌಹಾರಿದರು. ಎದುರಿನ ಕಾಲೇಜಿನವರು ಇವನನ್ನು ದುಡ್ಡು ಕೊಟ್ಟು ಒಳಗೆ ಹಾಕಿಕೊಂಡಿದ್ದಾರೆ ಅಂತ ಯಾರೋ ಕೂಗಿದರು. ಗಿರಣಿಯ ನಾಲ್ವರು ಹಮಾಲರು ಗೂಳಪ್ಪನನ್ನು ಅರಳೆ ಅಂಡಿಗೆಯ ಹಾಗೆ ಎತ್ತಿ, ಗೋಡೆಯ ಆಚೆ ಸುಡುಗಾಡಿಗೆ ಒಗೆದರು.

ಗೂಳಪ್ಪ ಬೂದಿಯಲ್ಲಿ ಬಿದ್ದು ಎದ್ದ. ಗೋಡೆಯ ಮೇಲೆ ಗದ್ದವಿಟ್ಟು ನೋಡಿದ. ಹೀಗೆ, ಆ ಊರಲ್ಲಿ ಆ ಗಳಿಗೆಯನ್ನು ಎರಡೂ ಕಡೆಯಿಂದ ಕಂಡವನು ಅವನೊಬ್ಬನೇ: ಎದುರಿಗೆ ಕೊಂಡಿಬಾನ ಮುಖ, ಅದರ ಹಿಂದೆ ಮೈದಾನ. ಕೊಂಡಿಬಾ ಕಣ್ಣು ಮುಚ್ಚಿಕೊಂಡಿದ್ದ. ಧಪ್ ಅಂತ ಒಂದು ಒದೆತ. "ಅಂದಾನಿ. ಎಡಗಾಲು," ಅಂದ ಕೊಂಡಿಬಾ, ತನಗೆ ತಾನೇ. ಆಮೇಲೆ ಚೆಂಡು ಬಲೆಗೆ ಬಿತ್ತು. ಆಮೇಲೆ ಊರು ಕೂಗಿತು.

ಸೀಟಿ ಊದಿದ ಮೇಲೆಯೇ ಕೊಂಡಿಬಾ ಎದ್ದು ತಿರುಗಿದ್ದು. ಅಷ್ಟರಲ್ಲಿ ಊರಿಗೆ ಊರೇ ಮೈದಾನಕ್ಕೆ ನುಗ್ಗಿತ್ತು. ಹನ್ನೆರಡು ವರ್ಷ ಕಾದು ಅವನು ಕಂಡದ್ದು ಧೂಳು. ಕೆಂಪನೆಯ ಧೂಳು, ಅದರೊಳಗೆ ಎಲ್ಲೋ ಕುಣಿತ. ಅಂದಾನೆಪ್ಪ ಓಡಿಬಂದು ಬೆಳ್ಳಿಯ ಕಪ್ಪನ್ನು ಅವನ ಕೈಗಿತ್ತ. ಕೊಂಡಿಬಾ ಹೆಬ್ಬೆರಳಿನಿಂದ ಅದರ ಮೈ ಪೂರ್ತಿ ಸವರಿದ. "ಹೊಲಿಗಿ ಎಲ್ಲೈತೋ ಇದಕ್ಕ?" ಅಂತ ಕೇಳಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗೂಳಪ್ಪ ಗೋಡೆಯ ಆಚೆಯೇ ನಿಂತಿದ್ದ.

ಮಳೆಗಾಲ ಬಂತು. ಡಾಕ್ಟರು ಹೇಳಿದಂತೆಯೇ ಆಯಿತು.

ಮರುವರ್ಷ ಮೊದಲ ಆಟಕ್ಕೆ ಅಂಬೂಬಾಯಿ ಅವನ ಕೈ ಹಿಡಿದು ಕರೆತಂದಳು. ಬೆಂಚನ್ನು ಅವಳೇ ಎಳೆದು ಮೈದಾನದತ್ತ ತಿರುಗಿಸಿದಳು. ಯಾರೂ ತಡೆಯಲಿಲ್ಲ. ಆವತ್ತು ತಂಡ ಸೋತಿತು. ಕಾಣದ ಕಣ್ಣು ತಾಗುತ್ತದೋ ಇಲ್ಲವೋ ಅಂತ ಚಹಾದಂಗಡಿಯಲ್ಲಿ ಜನ ವಾದಿಸಿದರಂತೆ, ಗೂಳಪ್ಪ ಒಲೆ ಆರಿಸಿ ಅವರನ್ನೆಲ್ಲ ಎಬ್ಬಿಸಿ ಕಳಿಸಿದನಂತೆ.

ಮುಂದಿನ ಆಟಕ್ಕೆ ಬೆಂಚು ಮತ್ತೆ ಗೋಡೆಯತ್ತ ತಿರುಗಿತ್ತು. ತಿರುಗಿಸಿದವನು ಕೊಂಡಿಬಾನೇ. ಗೂಳಪ್ಪ ಬಂದು ಪಕ್ಕದಲ್ಲಿ ಕೂತ.

"ಗೂಳ್ಯಾ, ಒಂದ ಮಾತು ಕೇಳ್ತೀನಿ. ಆವತ್ತು ಅಂಗಡ್ಯಾಗ ಅಂದದ್ದು ಚಾಷ್ಟೀನೋ, ಖರೇನೋ?"

ಚಾಷ್ಟಿ ಅಂದರೆ, ಆ ಕಣ್ಣಿನ ಕೊನೆಯ ಬೆಳಕೆಲ್ಲ ಸುಡುಗಾಡಿನ ಗೋಡೆಗೆ ದಂಡ ಹೋಯಿತು. ಖರೆ ಅಂದರೆ, ಹನ್ನೊಂದು ವರ್ಷ ಆ ಹುಡುಗರನ್ನೆಲ್ಲ ಸೋಲಿಸಿದವನು ಅವನೇ. ಬಾಯಿ ತೆರೆದರೆ ಸುಳ್ಳು ಹೇಳುತ್ತಿದ್ದ ಗೂಳಪ್ಪನಿಗೆ ಅವತ್ತು ಸುಳ್ಳು ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು.

"ಖರೇನ, ಕಾಕಾ. ಕಪ್ಪು ಗೆಲ್ಲಿಸಿದಾಂವ ನೀನ."

ಕೊಂಡಿಬಾ ಮೆಲ್ಲಗೆ ತಲೆಯಾಡಿಸಿದ. "ಹಂಗಾರ ಹೇಳು. ಆ ಗೋಲು ಹೆಂಗಿತ್ತು?"

ಗೂಳಪ್ಪ ಹೇಳಿದ. ಕೊಂಡಿಬಾ ಬದುಕಿರುವವರೆಗೆ ಹೇಳಿದ. ಹೇಳುತ್ತ ಹೇಳುತ್ತ ಎರಡು ಗೋಲು ಏಳಾದವು, ಅಂದಾನೆಪ್ಪನ ಒದೆತಕ್ಕೆ ಬಲೆ ಹರಿಯಿತು, ಆಮೇಲೆ ಕಂಬವೇ ಮುರಿಯಿತು. ಚೆಂಡು ರೈಲಿಗೆ ಸಿಕ್ಕಿದ್ದೂ ಆಗಲೇ ಇರಬೇಕು. ಕೊಂಡಿಬಾ ಕಣ್ಣು ಮುಚ್ಚಿ ಕೇಳುತ್ತಿದ್ದನಂತೆ, ಒಂದೊಂದು ಸಲ "ಎಡಗಾಲಲ್ಲ?" ಅನ್ನುತ್ತಿದ್ದನಂತೆ. ಅದೊಂದನ್ನು ಮಾತ್ರ ಗೂಳಪ್ಪ ಎಂದೂ ಬದಲಿಸಲಿಲ್ಲ.

ಕಡಕೊಪ್ಪ ಆಮೇಲೆ ಕಪ್ಪು ಗೆದ್ದಿಲ್ಲ. ಗೋಡೆಗೆ ಮತ್ತೆ ಮತ್ತೆ ಸುಣ್ಣ ಬಳಿದಿದ್ದಾರೆ, ಬಿರುಕು ಮುಚ್ಚಿಲ್ಲ. ಬೆಂಚು ಮುರಿದು, ಅದೇ ಜಾಗದಲ್ಲಿ ಈಗ ಒಂದು ಕಲ್ಲಿನ ಆಸನವಿದೆ, ಅದರ ಮುಖವೂ ಸುಡುಗಾಡಿನ ಕಡೆಗೇ. ಪ್ರತಿ ವರ್ಷ ಮೊದಲ ಆಟದ ದಿನ ಗೂಳಪ್ಪನ ಮನೆತನದವನೊಬ್ಬ ಆಟಕ್ಕೆ ಬೆನ್ನು ಮಾಡಿ ಅದರ ಮೇಲೆ ಕೂರಬೇಕು, ಊರಿನವನೊಬ್ಬ ಪಕ್ಕದಲ್ಲಿ ನಿಂತು ಆಟವನ್ನು ಅವನಿಗೆ ಹೇಳಬೇಕು. ಆ ಜಾಗದಲ್ಲಿ ಚಾಷ್ಟಿ ಮಾಡುವಂತಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು. ಕೂತವನು ಗೋಡೆ ನೋಡುತ್ತಲೇ ಕೇಳಬೇಕು, ಸೀಟಿ ಊದುವವರೆಗೆ ತಿರುಗಬಾರದು.

ಸಾಮಾನ್ಯವಾಗಿ ಹೇಳುವುದು ಒಂದೇ ಇರುತ್ತದೆ: ಸೋತೆವು.