ದೊರೆ ಬದಲಿಗೆ ಹಲ್ಲುಜ್ಜಿದ ದ್ಯಾವಕ್ಕ

ಬನ್ನಿ, ಕೂತ್ಕೊಳ್ಳಿ. ಏ ಪುಟ್ಟಿ, ಬಾಯಲ್ಲಿರೋ ಬತ್ತಾಸು ಮೊದಲು ನುಂಗು, ಆಮೇಲೆ ಕತೆ.

ಬೆಲ್ಲವಾಡಿ ಅಂತ ಒಂದು ರಾಜ್ಯ. ಅಲ್ಲಿ ಮಲ್ಲಭೂಪ ಅಂತ ಒಬ್ಬ ದೊರೆ. ಅವನಿಗೆ ತಿಪ್ಪಾಜಿ ಅಂತ ಒಬ್ಬ ಮಂತ್ರಿ. ದೊರೆ ಕೈ ಆಡಿಸಿದರೆ ಸವೆದೇ ಹೋಗುತ್ತೆ ಅನ್ನೋ ಹಂಗೆ, ಎಲ್ಲಕ್ಕೂ ಬದಲಿ ಆಳು ಇಟ್ಟಿದ್ದ ಈ ಮಂತ್ರಿ. ದೊರೆ ಬದಲಿಗೆ ಉಪವಾಸ ಮಾಡೋಕೆ ಒಬ್ಬ. ದೊರೆ ಬದಲಿಗೆ ತಣ್ಣೀರು ಸ್ನಾನ ಮಾಡೋಕೆ ಒಬ್ಬ. ದೊರೆ ಬದಲಿಗೆ ಹಲ್ಲುಜ್ಜೋಕೆ ದ್ಯಾವಕ್ಕ.

ನಗಬೇಡಿ, ಕೇಳಿ. ದ್ಯಾವಕ್ಕ ದಿನಾ ಬೆಳಿಗ್ಗೆ ದೊರೆ ಎದುರಿಗೆ ನಿಂತು, ಬೇವಿನ ಕಡ್ಡಿ ಜಗಿದು, ತನ್ನ ಹಲ್ಲು ಉಜ್ಜೋಳು. ಬಾಯಿ ಮುಕ್ಕಳಿಸಿ, "ಆಯ್ತು ಬುದ್ಧಿ, ನಿಮ್ಮದು ಉಜ್ಜಾಯ್ತು" ಅನ್ನೋಳು. ದೊರೆ "ಭೇಷ್" ಅಂತ ಲಾಡು ಬಾಯಿಗೆ ಹಾಕ್ಕೊಳ್ಳೋನು. ಬೆಳಿಗ್ಗೆ ಲಾಡು, ಮಧ್ಯಾಹ್ನ ಲಾಡು, ಸಂಜೆ ಲಾಡು. ನಡುನಡುವೆ ಎಲೆಅಡಿಕೆ ಹೊಗೆಸೊಪ್ಪು ದವಡೆಗೆ ಒತ್ತಿಕೊಂಡು ಕೂರೋನು. ಸಂದಿಗೆ ಸಿಕ್ಕಿಕೊಂಡದ್ದನ್ನ ಚಿನ್ನದ ಸೂಜಿಯಲ್ಲಿ ಚುಚ್ಚಿ ಚುಚ್ಚಿ ತೆಗೆಯೋನು. ಒಂದು ಗುಟುಕು ನೀರಲ್ಲಿ ಬಾಯಿ ಮುಕ್ಕಳಿಸಿದ್ದಿಲ್ಲ ಪುಣ್ಯಾತ್ಮ.

ಒಂದು ದಿನ ವಸಡಲ್ಲಿ ರಕ್ತ ಬಂತು. ದವಡೆ ಹಲ್ಲು ಚಳುಕ್ ಅಂತು. ಕೆನ್ನೆ ಊದಿಕೊಂತು.

"ಅಲ್ಲಯ್ಯಾ ತಿಪ್ಪಾಜಿ, ದಿನಾ ತಪ್ಪದೆ ಹಲ್ಲುಜ್ಜಿಸ್ತೀನಿ. ಆದ್ರೂ ಯಾಕಯ್ಯಾ ನೋವು?"

"ಅಡುಗೆಯವನು ಉಪ್ಪು ಜಾಸ್ತಿ ಹಾಕ್ತಾನೆ ಬುದ್ಧಿ" ಅಂದ ಮಂತ್ರಿ. ಉಪ್ಪು ಬಿಟ್ಟರು. ನೋವು ಹೋಗಲಿಲ್ಲ.

"ಕುಡಿಯೋ ನೀರು ತಣ್ಣಗಿದೆ ಬುದ್ಧಿ." ನೀರು ಕಾಯಿಸಿದರು. ನೋವು ಹೋಗಲಿಲ್ಲ.

ದೊರೆ ಮೂರನೇ ಸಲ ಕೇಳಿದ. ಈಗ ತಪ್ಪು ತನ್ನ ತಲೆಗೇ ಬರುತ್ತೆ ಅಂತ ಮಂತ್ರಿಗೆ ಗೊತ್ತಾಯ್ತು. ಬದಲಿ ಆಳಿನ ಏರ್ಪಾಟು ತನ್ನದೇ ಅಲ್ವಾ? ತಟ್ಟನೆ ದ್ಯಾವಕ್ಕನ ಕಡೆ ಬೆರಳು ತೋರಿಸಿದ.

"ಅವಳ ಹಲ್ಲು ನೋಡಿ ಬುದ್ಧಿ, ಹೆಂಗೆ ಫಳಫಳ ಅಂತವೆ! ಉಜ್ಜೋದು ನಿಮ್ಮ ಹೆಸರಲ್ಲಿ, ಫಲ ಎಲ್ಲಾ ಅವಳ ಬಾಯಿಗೆ. ಕಳ್ಳಿ! ಮೂವತ್ತೆರಡೂ ಕೀಳಿಸಿಬಿಡಿ."

ದೊರೆ ತಲೆ ಕೆರಕೊಂಡ. "ಹೌದಲ್ವಾ? ಅಲ್ವಾ? ಹೌದೇ ಇರಬೇಕು. ನನಗಂತೂ ಒಂದೂ ಬಗೆಹರೀತಿಲ್ಲ. ಸರಿ, ಕೀಳಿಸಿ."

ಕಮ್ಮಾರ ಇಕ್ಕಳ ಹಿಡಿದು ಬಂದ. ಇಷ್ಟು ವರ್ಷ ಜೋಪಾನ ಮಾಡಿದ ಹಲ್ಲು, ಯಾರದೋ ಬಾಯಿಯ ತಪ್ಪಿಗೆ ಹೋಗಬೇಕಾ ಅಂತ ದ್ಯಾವಕ್ಕನಿಗೆ ಅಳು ಬಂತು, ಸಿಟ್ಟೂ ಬಂತು. ಕಣ್ಣು ಒರೆಸಿಕೊಂಡು ಅಂದಳು:

"ಕೀಳಿಸಿ ಬುದ್ಧಿ. ಆದ್ರೆ ನಿಮ್ಮ ಕೆಟ್ಟ ಹಲ್ಲನ್ನೂ ಕೀಳಬೇಕಲ್ಲ? ಆ ನೋವು ನಿಮಗ್ಯಾಕೆ? ಅದಕ್ಕೂ ಬದಲಿ ಇಡಿ. ಮಂತ್ರಿಗಳಷ್ಟು ನಿಮ್ಮನ್ನ ಹಚ್ಕೊಂಡೋರು ಇನ್ಯಾರಿದ್ದಾರೆ? ಅವರ ಹಲ್ಲು ಕಿತ್ತರೆ ನಿಮ್ಮ ನೋವು ಹೋಗುತ್ತೆ."

ದೊರೆ ಮುಖ ಅರಳಿತು. "ಭೇಷ್! ತಿಪ್ಪಾಜಿ, ಬಾಯಿ ತೆಗಿ."

ಇಬ್ಬರು ಭಟರು ತಿಪ್ಪಾಜಿ ತಲೆ ಹಿಡಿದರು. ಇಕ್ಕಳ ಹಲ್ಲಿಗೆ ತಾಗಿತು.

"ಅಯ್ಯಯ್ಯೋ, ಬಿಡ್ರೋ!" ಅಂತ ಕೊಸರಾಡಿದ. "ನನ್ನ ಹಲ್ಲು ಕಿತ್ತರೆ ದೊರೆ ನೋವು ಹೆಂಗ್ರೋ ಹೋಗುತ್ತೆ? ಅವರ ಬಾಯಿ ಅವರದು, ನನ್ನ ಬಾಯಿ ನಂದು!"

ದೊರೆ ಮಂತ್ರಿ ಬಾಯಿ ನೋಡಿದ. ದ್ಯಾವಕ್ಕನ ಬಾಯಿ ನೋಡಿದ. ಕನ್ನಡಿ ತರಿಸಿ ತನ್ನ ಬಾಯಿ ನೋಡಿಕೊಂಡ.

"ಹಂಗಾದ್ರೆ ತಿಪ್ಪಾಜಿ, ಇವಳು ಉಜ್ಜಿದ್ರೆ ನನ್ನ ಹಲ್ಲು ಹೆಂಗಯ್ಯಾ ಶುದ್ಧ ಆಗೋದು?"

ದೊರೆ ದ್ಯಾವಕ್ಕನನ್ನೂ ಮಂತ್ರಿಯನ್ನೂ ಬಿಡಿಸಿ, ಕಮ್ಮಾರನಿಗೆ ತನ್ನ ಬಾಯಿ ತೋರಿಸಿದ.

ಕೆಟ್ಟ ಹಲ್ಲು ದೊರೆಯ ಬಾಯಿಂದಲೇ ಬಂತು. ಅವನು ಕೂಗಿದ ಕೂಗು ಕೋಟೆ ಬಾಗಿಲಿಗೂ ಕೇಳಿಸ್ತಂತೆ. ಆವತ್ತಿಂದ ತಿಪ್ಪಾಜಿ ಕೆಲಸ ದೊರೆ ಮುಕ್ಕಳಿಸಿ ಉಗುಳೋಕೆ ಪೀಕದಾನಿ ಹಿಡಿಯೋದು. ದ್ಯಾವಕ್ಕ ದೊರೆ ಕೈಗೇ ಬೇವಿನ ಕಡ್ಡಿ ಕೊಟ್ಟಳು, ಸೂಜಿ ಕಸಿದುಕೊಂಡಳು, ಹೊಗೆಸೊಪ್ಪು ಬಿಡಿಸಿದಳು. ಲಾಡು ತಿಂದ ಮೇಲೆ ಮುಕ್ಕಳಿಸೋದು ಕಲಿಸಿದಳು. ನಿಧಾನಕ್ಕೆ ವಸಡಿನ ರಕ್ತ ನಿಂತಿತು. ಉಪವಾಸದ ಆಳೂ ಆವತ್ತು ಹೊಟ್ಟೆ ತುಂಬ ಉಂಡ.

ತಿಳೀತಾ ಮಕ್ಕಳೇ? ನಮ್ಮ ಬಾಯಿ ನಾವೇ ನೋಡ್ಕೋಬೇಕು. ನಾವು ಮಾಡಬೇಕಾದ್ದನ್ನ ಇನ್ನೊಬ್ಬರ ತಲೆಗೆ ಕಟ್ಟಿದರೆ, ನೋವು ಮಾತ್ರ ನಮ್ಮ ಹತ್ರವೇ ಉಳಿಯುತ್ತೆ. ಪುಟ್ಟಿ, ಎದ್ದು ಹೋಗಿ ಬಾಯಿ ಮುಕ್ಕಳಿಸಿಕೊಂಡು ಬಾ. ಅಣ್ಣನ್ನ ಕಳಿಸಬೇಡ, ನೀನೇ ಹೋಗು.