ಜರ್ಮನ್ ಕಾರಿನ ಮೇಸ್ತ್ರಿ

"ಗುರುಗಳೇ, ಕೇಡು ಬರುತ್ತದೆ ಎಂದು ಊರಿನವರಿಗೆ ನಾನು ಮೊದಲೇ ಹೇಳಿದೆ. ಅವರು ಕೇಳಲಿಲ್ಲ, ನಕ್ಕರು. ನಾಳೆ ಆ ಕೇಡು ಬಂದೇಬಿಟ್ಟರೆ ಅದರಲ್ಲಿ ನನ್ನ ತಪ್ಪೇನು?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಬಳ್ಳಾರಿ ಸೀಮೆಯ ಅದಿರಿನ ಗುಡ್ಡಗಳಲ್ಲಿ ಜಂಬಯ್ಯ ಎಂಬ ಗಣಿ ಧಣಿ ಇದ್ದ. ಅವನಲ್ಲಿ ಜರ್ಮನಿಯಿಂದ ಹಡಗಿನಲ್ಲಿ ಬಂದ ಒಂದು ಕಾರಿತ್ತು. ಎರಡೇ ಸೀಟು. ಬಟ್ಟೆಯ ಸೂರು. ಅದನ್ನು ಮಡಚಿ ಹಿಂದಕ್ಕಿಟ್ಟರೆ ತಲೆಯ ಮೇಲೆ ಬರೀ ಆಕಾಶ. ಆ ಕಾರನ್ನು ನೋಡಿಕೊಳ್ಳಲು ಧಣಿ ದಾದಾಪೀರ ಎಂಬ ಮೇಸ್ತ್ರಿಯನ್ನು ಇಟ್ಟಿದ್ದ.

ದಾದಾಪೀರ ಲಾರಿ ಜೀಪುಗಳಲ್ಲಿ ಕೈ ಪಳಗಿದವನು. ಆದರೆ ಈ ಕಾರಿನ ಬಾನೆಟ್ ಎತ್ತಿದ ದಿನ ಅವನು ಬಹಳ ಹೊತ್ತು ಅದರ ಮೇಲೆ ಬಗ್ಗಿಕೊಂಡೇ ನಿಂತ. ಆರು ಸಿಲಿಂಡರಿನ ಎಂಜಿನ್ನು. ಬಾನೆಟ್ ತಗ್ಗಾಗಿರಲೆಂದು ಅದನ್ನು ಒಂದು ಮಗ್ಗುಲಿಗೆ ಒರಗಿಸಿ ಕೂರಿಸಿದ್ದರು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಇರಲಿಲ್ಲ. ಒಂದು ಪಂಪು ಪೆಟ್ರೋಲನ್ನು ಎಳೆಯಷ್ಟು ಸಣ್ಣಗೆ ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುತ್ತಿತ್ತು. ಇದನ್ನು ಮಾಡಿದವರು ಯೋಚಿಸದೆ ಒಂದು ನಟ್ಟನ್ನೂ ಹಾಕಿಲ್ಲ ಎಂದು ಅವನಿಗೆ ಅನಿಸಿತು. ಅಂದಿನಿಂದ ಆ ಕಾರನ್ನು ಬೇರೆಯವರ ಕೈಗೆ ಕೊಡಲಿಲ್ಲ.

ಒಂದು ದಿನ ಬ್ರೇಕು ಪರೀಕ್ಷಿಸಲೆಂದು ಗುಡ್ಡದ ರಸ್ತೆಯಲ್ಲಿ ಇಳಿದು ಬರುತ್ತಿದ್ದ. ತಿರುವಿನ ನಡುವೆ ಕುರಿಹಿಂಡು ಅಡ್ಡ ಬಂತು. ಬೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದ. ತೆಗೆದದ್ದೇ ತಡ, ಕಾರಿನ ಹಿಂಭಾಗ ಮೇಲಕ್ಕೆದ್ದಿತು, ಹಿಂದಿನ ಗಾಲಿ ಒಳಕ್ಕೆ ಮಡಚಿತು, ಇಡೀ ಕಾರು ಗಿರ್ರನೆ ತಿರುಗಿತು. ನಿಂತಾಗ ಅದು ಬಂದ ದಾರಿಯ ಕಡೆಗೇ ಮುಖ ಮಾಡಿತ್ತು. ಒಂದು ಗಾಲಿ ಕೊರಕಲಿನ ಅಂಚಿನಲ್ಲಿತ್ತು.

ಶೆಡ್ಡಿಗೆ ಬಂದು ಕಾರಿನಡಿ ಮಲಗಿ ನೋಡಿದ. ಹಿಂದಿನ ಗಾಲಿಗಳ ಅಚ್ಚು ಲಾರಿಯದರಂತೆ ಒಂದೇ ತುಂಡಾಗಿರಲಿಲ್ಲ. ನಡುವೆ ಕೀಲಿತ್ತು. ಎರಡು ಗಾಲಿಗಳೂ ಹಕ್ಕಿಯ ರೆಕ್ಕೆಗಳಂತೆ ಬೇರೆ ಬೇರೆಯಾಗಿ ಆಡುತ್ತಿದ್ದವು. ಹಳ್ಳದಿಣ್ಣೆಯ ದಾರಿಯಲ್ಲೂ ಕಾರು ಕುಲುಕದೆ ಹೋಗುತ್ತಿದ್ದದ್ದು ಆ ಕೀಲಿನಿಂದ. ತಿರುವಿನಲ್ಲಿ ಅವನನ್ನು ಕೊಲ್ಲಲು ಬಂದದ್ದೂ ಅದೇ ಕೀಲು. ಅದು ಕೆಟ್ಟಿರಲಿಲ್ಲ. ಅದರ ಗುಣವೇ ಹಾಗಿತ್ತು. ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ಒಳಹೊಕ್ಕ ಮೇಲೆ ಎಷ್ಟೇ ಭಯವಾದರೂ ಕಾಲು ತೆಗೆಯಬಾರದು.

ಅವನು ಕೈ ಕೂಡ ತೊಳೆಯದೆ ಬಂಗಲೆಗೆ ಹೋಗಿ ಇದನ್ನು ಧಣಿಗೆ ಹೇಳಿದ. ಅಂದು ಬಂಗಲೆಯಲ್ಲಿ ನೆಂಟರು ತುಂಬಿದ್ದರು. ಜಂಬಯ್ಯ ಅವರ ಕಡೆ ತಿರುಗಿ, "ಕೇಳಿದಿರಾ, ಜರ್ಮನಿಯವರಿಗೆ ತಿಳಿಯದ್ದು ನಮ್ಮ ಮೇಸ್ತ್ರಿಗೆ ತಿಳಿದಿದೆ" ಎಂದ. ಎಲ್ಲರೂ ನಕ್ಕರು. "ನೀನು ನಟ್ಟು ಬಿಗಿ ಮಾಡಪ್ಪ. ಓಡಿಸುವುದನ್ನು ನನಗೆ ಬಿಡು."

ದಾದಾಪೀರ ತಲೆ ತಗ್ಗಿಸಿ ಮೆಟ್ಟಿಲಿಳಿದ. ಇನ್ನು ಈ ಕಾರಿನ ಬಗ್ಗೆ ಯಾರಿಗೂ ಒಂದು ಮಾತೂ ಹೇಳುವುದಿಲ್ಲ ಎಂದು ದಾರಿಯಲ್ಲೇ ನಿಶ್ಚಯಿಸಿದ.

ಆರು ವರ್ಷ ಏನೂ ಆಗಲಿಲ್ಲ. ಧಣಿ ಮೊದಲಿನಿಂದಲೂ ನಿಧಾನವಾಗಿ ಓಡಿಸುವವನು. ಕಾರು ಪ್ರತಿ ಸಲವೂ ಕ್ಷೇಮವಾಗಿ ಶೆಡ್ಡಿಗೆ ಮರಳುತ್ತಿತ್ತು. ಅದು ಮರಳಿದಾಗಲೆಲ್ಲ ದಾದಾಪೀರನಿಗೆ ಒಳಗೊಳಗೇ ಒಂದು ಬೇಸರವಾಗುತ್ತಿತ್ತು. ಆ ಬೇಸರ ಏತಕ್ಕೆಂದು ಅವನು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಧಣಿಗೆ ಸುಮಂಗಲೆ ಎಂಬ ಒಬ್ಬಳೇ ಮಗಳು. ಗಣಿಯ ಜೀಪಿನಲ್ಲಿ ಓಡಿಸಲು ಕಲಿತವಳು. ಒಂದು ಬೆಳಗ್ಗೆ ಅವಳು ಶೆಡ್ಡಿಗೆ ಬಂದಳು.

"ಚಾಚಾ, ಇವತ್ತು ಇದನ್ನು ಗುಡ್ಡದ ತುದಿಯತನಕ ಓಡಿಸಿಕೊಂಡು ಬರುತ್ತೇನೆ. ಅಪ್ಪ ಒಪ್ಪಿದ್ದಾರೆ. ಜೀಪಿಗೂ ಇದಕ್ಕೂ ಏನು ವ್ಯತ್ಯಾಸ? ನಾನು ತಿಳಿದುಕೊಳ್ಳಬೇಕಾದದ್ದು ಏನಾದರೂ ಇದೆಯೇ?"

ಮಾತು ದಾದಾಪೀರನ ಬಾಯಿಯವರೆಗೆ ಬಂತು. ಜೊತೆಗೇ ಬಂಗಲೆಯ ಆ ನಗುವೂ ಕಿವಿಗೆ ಬಂತು.

"ಎಲ್ಲವನ್ನೂ ನಿಮ್ಮ ಅಪ್ಪನಿಗೆ ಹೇಳಿದ್ದೇನಮ್ಮ. ಅವರನ್ನೇ ಕೇಳಿ" ಎಂದ.

"ಅಪ್ಪ ಹೊಸಪೇಟೆಗೆ ಹೋಗಿದ್ದಾರಲ್ಲ."

ಅವನು ಕನ್ನಡಿ ಒರೆಸಿದ. ಸೂರು ಮಡಚಿಕೊಟ್ಟ. ಅವಳು ಕೂತ ಮೇಲೆ ಬಾಗಿಲನ್ನೂ ಅವನೇ ಹಾಕಿದ.

ಕಾರು ಗುಡ್ಡ ಹತ್ತಿತು. ದಾದಾಪೀರ ಒಂದು ಜೀಪಿನ ಚಕ್ರ ಬಿಚ್ಚುತ್ತ ಕೂತ. ಆ ಎಂಜಿನ್ನಿನ ಸದ್ದು ಅವನಿಗೆ ಸ್ವಂತ ಉಸಿರಿನಷ್ಟು ಪರಿಚಿತ. ಎರಡನೇ ಗೇರು, ಮೂರನೆಯದು, ಮತ್ತೆ ಎರಡು. ಚೆನ್ನಾಗಿಯೇ ಓಡಿಸುತ್ತಿದ್ದಾಳೆ ಎಂದುಕೊಂಡ. ಮೇಲೆ ಹೋಗಿ ತಿರುಗಿಸಿಕೊಂಡು ಇಳಿಯತೊಡಗಿದಳು. ಮೊದಲ ತಿರುವು ದಾಟಿತು. ಎರಡನೆಯದೂ ದಾಟಿತು. ಮೂರನೆಯದಕ್ಕೆ ಬರುವಾಗ ಎಂಜಿನ್ನು ಜೋರಾಗಿ ಹಾಡುತ್ತಿತ್ತು. ವೇಗ ತಗ್ಗಿಸಲಿಲ್ಲವಲ್ಲ ಎಂದು ಅವನು ತಲೆಯೆತ್ತಿದ. ತಿರುವಿನ ನಡುವೆ ಆ ಸದ್ದು ತಟ್ಟನೆ ತಗ್ಗಿತು. ಅವಳು ಕಾಲು ತೆಗೆದಿದ್ದಳು.

ದಾದಾಪೀರ ಎದ್ದು ನಿಂತ. ಕಾರು ಉರುಳುವ ಸದ್ದು ಇನ್ನೂ ಕೇಳಿಸಿರಲಿಲ್ಲ. ಅದು ಆಮೇಲೆ ಕೇಳಿಸಿತು.

ಅವನು ಓಡಿದ. ಕಾರು ಕೊರಕಲಿನಲ್ಲಿ ಮಗುಚಿ ಬಿದ್ದಿತ್ತು. ಸುಮಂಗಲೆ ಅದರಿಂದ ದೂರ ಕೆಂಪು ಮಣ್ಣಿನಲ್ಲಿ ಬಿದ್ದಿದ್ದಳು. ಅವನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಉಸಿರು ಇರಲಿಲ್ಲ.

ಪೊಲೀಸರು ಬಂದು, ಕಾರು ಕೆಟ್ಟಿತ್ತೇ ಎಂದು ಕೇಳಿದರು. "ಏನೂ ಕೆಟ್ಟಿರಲಿಲ್ಲ. ಆರು ವರ್ಷದ ಹಿಂದೆಯೇ ನಾನು ಧಣಿಗೆ ಹೇಳಿದ್ದೆ" ಎಂದು ದಾದಾಪೀರ ಎಲ್ಲವನ್ನೂ ವಿವರಿಸಿದ. ಬೆಳಗಿನ ಮಾತನ್ನು ಮಾತ್ರ ಹೇಳಲಿಲ್ಲ.

ಜನರೆಲ್ಲ ಜಂಬಯ್ಯನ ಕಡೆ ನೋಡಿದರು. ಅವನು, "ಹೌದು, ಹೇಳಿದ್ದ. ನಾನೇ ನಕ್ಕೆ" ಎಂದ.

ಹದಿಮೂರು ದಿನ ಕಳೆದ ಮೇಲೆ ಧಣಿ ನಡೆದುಕೊಂಡೇ ಶೆಡ್ಡಿಗೆ ಬಂದ. ಅಂದು ನಕ್ಕಿದ್ದ ನೆಂಟರಲ್ಲಿ ಕೆಲವರು ಅವನ ಜೊತೆಗಿದ್ದರು. ಅವರೆಲ್ಲರ ಎದುರಿಗೆ ಅವನು ಬಗ್ಗಿ ಮೇಸ್ತ್ರಿಯ ಕಾಲು ಹಿಡಿದುಕೊಂಡ. "ನಿನ್ನ ಮಾತು ಕೇಳಿದ್ದರೆ ನನ್ನ ಮಗಳು ಇರುತ್ತಿದ್ದಳು. ನನ್ನನ್ನು ಕ್ಷಮಿಸು" ಎಂದ.

ದಾದಾಪೀರ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕೆಂದುಕೊಂಡ. ಎಳೆದುಕೊಳ್ಳಲಿಲ್ಲ. ಬಾಯಿ ತೆರೆಯಬೇಕೆಂದುಕೊಂಡ. ಎಲ್ಲರೂ ಈಗ ಅವನನ್ನು ಗೌರವದಿಂದ ನೋಡುತ್ತಿದ್ದರು. ಅವನು ಧಣಿಯ ತಲೆಯ ಮೇಲೆ ಕೈಯಿಟ್ಟು, "ಏಳಿ ಧಣಿ" ಎಂದ. ಅಷ್ಟೇ.

ಜಂಬಯ್ಯ ಮತ್ತೆ ಗಣಿಯ ಕಡೆ ಹೋಗಲಿಲ್ಲ. ಎರಡು ವರ್ಷ ಯಾರೊಡನೆಯೂ ಮಾತಾಡದೆ ಬಂಗಲೆಯಲ್ಲಿ ಕೂತಿದ್ದು ತೀರಿಕೊಂಡ. ದಾದಾಪೀರ ಇನ್ನೂ ಬಹಳ ವರ್ಷ ಬದುಕಿದ. ಮೇಸ್ತ್ರಿ ಎಂದರೆ ಅವನೇ, ಆಗುವುದನ್ನು ಮೊದಲೇ ಕಂಡವನು ಎಂದು ಸೀಮೆಯವರೆಲ್ಲ ಹೇಳಿಕೊಂಡರು. ಆದರೆ ರಸ್ತೆಯಲ್ಲಿ ಯಾವುದೇ ಗಾಡಿಯ ಸದ್ದು ತಗ್ಗಿದರೂ ಅವನು ಕೈಯಲ್ಲಿದ್ದುದನ್ನು ಕೆಳಗೆ ಹಾಕಿ ಎದ್ದು ನಿಲ್ಲುತ್ತಿದ್ದ. ಕೊನೆಗೆ ಕೆಲಸವನ್ನೇ ಬಿಟ್ಟ. ಸಾಯುವ ಮುಂಚೆ ಒಮ್ಮೆ ಇಲ್ಲಿಗೆ ಬಂದು, ಆ ಬೆಳಗ್ಗೆ ಅವಳು ಆಡಿದ ಮಾತನ್ನು ನನಗೊಬ್ಬನಿಗೆ ಹೇಳಿ ಹೋದ.

ಗುರುಗಳು ಕತೆ ಮುಗಿಸಿದರು.

"ಆದರೂ ಗುರುಗಳೇ, ಅವನು ಹೇಳಿದ್ದಂತೂ ನಿಜವಲ್ಲವೇ?" ಎಂದ ಶಿಷ್ಯ.

"ನಿಜ, ಕೇಳದವನಿಗೆ ಹೇಳಿದ, ಕೇಳಿದವಳಿಗೆ ಹೇಳಲಿಲ್ಲ" ಎಂದರು ಗುರುಗಳು.