ಕೆಸರಿಗೆ ಚುಚ್ಚಿದ ಬಂದೂಕು

"ಅಜ್ಜಾವರೆ, ಕೊಲ್ಲುವ ವಸ್ತುವಿಗೆ ಜನ ಯಾಕೆ ಕೈ ಮುಗಿಯುತ್ತಾರೆ?"

ಹೂವಿನ ಹಾರವಿದ್ದ ತಟ್ಟೆಯನ್ನು ಮಠದ ಪಡಸಾಲೆಯಲ್ಲಿ ಕೆಳಗಿಟ್ಟು ಮುರಿಗೆಯ್ಯ ಹೀಗೆ ಕೇಳಿದ. ಊರಿನ ಸರ್ಕಲ್ಲಿನಲ್ಲಿ, ಯುದ್ಧದಲ್ಲಿ ಸತ್ತವರ ನೆನಪಿಗೆ ಒಂದು ಬಂದೂಕು ನಿಲ್ಲಿಸಿದ್ದಾರೆ. ನಳಿಕೆ ಕೆಳಗೆ, ಮರದ ಹಿಡಿ ಮೇಲೆ, ಹಿಡಿಯ ಮೇಲೊಂದು ಉಕ್ಕಿನ ಟೋಪಿ. ವರ್ಷಕ್ಕೊಮ್ಮೆ ಅದಕ್ಕೆ ಹಾರ ಬೀಳುತ್ತದೆ. ಈ ವರ್ಷದ ಮೊದಲ ಹಾರ ಮಠದಿಂದ ಬರಲಿ ಎಂದು ಮಾಜಿ ಸೈನಿಕರು ಬಂದು ಕೇಳಿದ್ದರು, ಮಠದ ಸ್ವಾಮಿಗಳಾದ ಅಜ್ಜನವರು ಆಗಲಿ ಎಂದಿದ್ದರು. ತಟ್ಟೆ ಹಿಡಿದು ಅವರ ಹಿಂದೆ ನಡೆಯಬೇಕಾದವನು ಶಿಷ್ಯ ಮುರಿಗೆಯ್ಯ.

ಮುರಿಗೆಯ್ಯನಿಗೆ ಇದು ಹಿಡಿಸಲಿಲ್ಲ. ಬೆಳಿಗ್ಗೆ ಪ್ರವಚನದಲ್ಲಿ ಇರುವೆಗೂ ನೋವಾಗದಂತೆ ನಡೆಯಿರಿ ಎನ್ನುವ ಮಠ, ಮಧ್ಯಾಹ್ನ ಹೋಗಿ ಬಂದೂಕಿಗೆ ಹಾರ ಹಾಕಿದರೆ ನೋಡಿದವರು ಏನೆಂದಾರು ಎಂದ. ತಾನಂತೂ ಆ ತಟ್ಟೆ ಮುಟ್ಟುವುದಿಲ್ಲ, ಬೇಕಾದರೆ ಇವತ್ತೇ ಮಠ ಬಿಡುತ್ತೇನೆ ಎಂದೂ ಸೇರಿಸಿದ. ಮಠ ಬಿಟ್ಟರೆ ಅವನಿಗೆ ಬೇರೆ ಮನೆ ಇರಲಿಲ್ಲ.

ಅಜ್ಜನವರು ಸಿಟ್ಟಾಗಲಿಲ್ಲ. ಕೂತುಕೋ ತಮ್ಮಾ, ಮಠ ಬಿಡುವವನು ಊಟ ಮಾಡಿಯೇ ಬಿಡಬಹುದು, ಅದಕ್ಕೆ ಮೊದಲು ಒಂದು ಕತೆ ಕೇಳು ಎಂದು ಶುರುಮಾಡಿದರು.

ಒಬ್ಬ ಸಿಪಾಯಿ ಇದ್ದ. ಹೆಸರು ಬೇಡ, ಸಿಪಾಯಿ ಎಂದರೆ ಸಾಕು. ಪಲ್ಟನ್ನಿಗೆ ಸೇರಿದಾಗ ಅವನ ಕೈಗೆ ಒಂದು ತ್ರೀ ನಾಟ್ ತ್ರೀ ಬಂದೂಕು ಕೊಟ್ಟರು. ಅದು ನಿನಗೂ ಗೊತ್ತು. ಅಜ್ಜ ಯುದ್ಧಕ್ಕೆ ಒಯ್ದದ್ದನ್ನೇ ಮೊಮ್ಮಗ ಪೊಲೀಸ್ ಠಾಣೆಯಲ್ಲಿ ಹೆಗಲಿಗೆ ಹಾಕಿಕೊಂಡ, ಎನ್‌ಸಿಸಿ ಹುಡುಗರು ಮೈದಾನದಲ್ಲಿ ಹೊತ್ತು ತಿರುಗಿದರು. ಅದಕ್ಕಿಂತ ಹಗುರದ್ದು ಬಂತು, ಅದಕ್ಕಿಂತ ಚುರುಕಿನದು ಬಂತು. ಆದರೂ ಬಂದೂಕು ಎಂದಾಕ್ಷಣ ನಮ್ಮ ಜನರ ಕಣ್ಣಿಗೆ ಕಟ್ಟುವುದು ಅದೇ. ಅದರಲ್ಲಿ ಸೆಳೆತ ಇದೆ. ಇಲ್ಲ ಅನ್ನುವವನು ಅದನ್ನು ಹಿಡಿದು ನೋಡಿಲ್ಲ, ಇಲ್ಲವೇ ಸುಳ್ಳು ಹೇಳುತ್ತಾನೆ. ಕಾವಿ ಉಟ್ಟ ನಾನೂ ಒಮ್ಮೆ ಹಿಡಿದಿದ್ದೇನೆ. ಆ ಮರದ ಹಿಡಿ ಹೆಗಲಿಗೆ ಕೂತಾಗ ಮೈಯಲ್ಲಿ ಒಂದು ಧೈರ್ಯ ಏರುತ್ತದೆ, ಅದು ನಮ್ಮದಲ್ಲ, ಬಂದೂಕಿನದು. ಬೇಗ ಕೆಳಗಿಟ್ಟೆ ಅನ್ನು.

ಪಲ್ಟನ್ನಿನಲ್ಲಿ ಕಲಿಸುವ ಉಸ್ತಾದ ಹೊಸಬರಿಗೆ ಮೊದಲು ಹೇಳಿಕೊಟ್ಟದ್ದು ಗುಂಡು ಹೊಡೆಯುವುದನ್ನಲ್ಲ, ಬಂದೂಕು ಒರೆಸುವುದನ್ನು. ನೀವು ಒಂದು ಹೊತ್ತು ಉಪವಾಸ ಇದ್ದರೂ ನಡೆದೀತು, ಇದಕ್ಕೆ ಎಣ್ಣೆ ತಪ್ಪಬಾರದು ಎಂದ. ಇದರ ನಳಿಕೆಗೆ ಮಣ್ಣು ಸೋಕಿದರೆ ನಿಮ್ಮ ಬಾಯಿಗೇ ಮಣ್ಣು ಬಿತ್ತೆಂದು ತಿಳಿಯಿರಿ ಎಂದ. ಉಳಿದವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ನಮ್ಮ ಸಿಪಾಯಿ ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಮಲಗುವಾಗ ಬಂದೂಕು ಪಕ್ಕದಲ್ಲೇ. ಮಳೆ ಬಂದರೆ ತಾನು ನೆನೆದು ತನ್ನ ಕೋಟು ಅದಕ್ಕೆ ಹೊದಿಸುತ್ತಿದ್ದ. ಬೇರೆಯವರು ಮುಟ್ಟಿದರೆ ಜಗಳಕ್ಕೆ ನಿಲ್ಲುತ್ತಿದ್ದ. ಬಂದೂಕೂ ಅವನ ಮಾತು ಕೇಳುತ್ತಿತ್ತು. ಗುರಿ ಹೊಡೆಯುವುದರಲ್ಲಿ ಅವನ ಸಮ ಪಲ್ಟನ್ನಿನಲ್ಲಿ ಇನ್ನೊಬ್ಬನಿರಲಿಲ್ಲ.

ಅವನಿಗೊಬ್ಬ ಜೊತೆಗಾರ ಇದ್ದ. ಅವನ ತಾಲ್ಲೂಕಿನವನೇ. ಗುರಿಯಲ್ಲಿ ಅಷ್ಟಕ್ಕಷ್ಟೆ, ಬಾಯಿ ಮಾತ್ರ ಜೋರು. ನಿನ್ನನ್ನು ಮದುವೆಯಾಗುವವಳಿಗೆ ಸವತಿ ಈಗಲೇ ಬಂದು ಕೂತಿದ್ದಾಳಲ್ಲೋ ಎಂದು ಸಿಪಾಯಿಯನ್ನು ಕೆಣಕುತ್ತಿದ್ದ. ಸಿಪಾಯಿ ನಗುತ್ತಿರಲಿಲ್ಲ, ಬಂದೂಕು ಒರೆಸುತ್ತಿದ್ದ.

ಆ ಪಲ್ಟನ್ನಿನಲ್ಲಿ ಒಂದು ಪದ್ಧತಿ. ಓಡುವಾಗ ಒಬ್ಬನಿಗೆ ಪೆಟ್ಟು ಬಿದ್ದರೆ ಉಳಿದವರು ನಿಲ್ಲುವ ಹಾಗಿಲ್ಲ. ಬಿದ್ದವನ ಬಂದೂಕನ್ನು ತಲೆಕೆಳಗು ಮಾಡಿ ಅವನ ಪಕ್ಕದ ನೆಲಕ್ಕೆ ಚುಚ್ಚಿ, ಮೇಲೆ ಅವನ ಟೋಪಿ ಇಟ್ಟು ಹೋಗಬೇಕು. ಹಿಂದಿನಿಂದ ಸ್ಟ್ರೆಚರ್ ಹೊತ್ತವರು ಬಂದು ಆ ಗುರುತು ಹಿಡಿದು ಎತ್ತಿಕೊಂಡು ಹೋಗುತ್ತಾರೆ. ಸಿಪಾಯಿಗೆ ಈ ಪದ್ಧತಿಯನ್ನು ಕಂಡರೇ ಆಗುತ್ತಿರಲಿಲ್ಲ. ಇಷ್ಟು ದಿನ ಒರೆಸಿದ್ದು ಕೆಸರಿಗೆ ಚುಚ್ಚುವುದಕ್ಕೇನು ಎಂದು ಕೇಳುತ್ತಿದ್ದ. ತಾನು ಬಿದ್ದರೆ ಬಂದೂಕು ತನ್ನ ಕೈಯಲ್ಲೇ ಇರಬೇಕು, ಯಾರಾದರೂ ಅದರ ನಳಿಕೆ ಮಣ್ಣಿಗೆ ಇಳಿಸಿದರೆ ದೆವ್ವವಾಗಿ ಬಂದು ಕಾಡುತ್ತೇನೆ ಎಂದು ಎಲ್ಲರೆದುರು ಹೇಳಿಟ್ಟಿದ್ದ.

ಯುದ್ಧ ಬಂತು. ಯಾವ ಯುದ್ಧ ಎಂದು ಕೇಳಬೇಡ, ಬಿದ್ದವನಿಗೆ ಎಲ್ಲ ಯುದ್ಧವೂ ಒಂದೇ. ದೂರದ ಒಂದು ದೇಶ. ತೊಡೆಯೆತ್ತರದ ಹುಲ್ಲು, ಅಡಿಯಲ್ಲಿ ಕೆಸರು. ಪಲ್ಟನ್ನು ಹಿಂದಕ್ಕೆ ಸರಿಯಬೇಕಾಯಿತು. ಹೊಳೆ ದಾಟುವಾಗ ಜೊತೆಗಾರನ ಬಂದೂಕು ನೀರುಪಾಲಾಯಿತು. ಆಚೆ ದಡದ ಹುಲ್ಲಿನಲ್ಲಿ ಓಡುತ್ತಿರುವಾಗ ಸಿಪಾಯಿಯ ತೊಡೆಗೆ ಗುಂಡು ಬಿತ್ತು.

ಜೊತೆಗಾರ ಅವನ ತೊಡೆ ಬಿಗಿದು ಕಟ್ಟಿದ. ಬೆನ್ನ ಮೇಲೆ ಹೊರಲು ನೋಡಿದ, ಇಬ್ಬರೂ ಕೆಸರಿನಲ್ಲಿ ಹೂತರು. ಹೋಗಿ ಸ್ಟ್ರೆಚರಿನವರನ್ನು ಕರೆತರದೆ ಬೇರೆ ದಾರಿ ಇರಲಿಲ್ಲ. ಅವರಿಗೆ ಕಾಣಲು ಗುರುತು ಬೇಕು. ಇಬ್ಬರ ನಡುವೆ ಉಳಿದದ್ದು ಒಂದೇ ಬಂದೂಕು. ಜೊತೆಗಾರ ಅದಕ್ಕೆ ಕೈ ಹಾಕಿದ. ಸಿಪಾಯಿ ಅದನ್ನು ಎದೆಗೆ ಅವಚಿಕೊಂಡ.

"ಇದು ನನ್ನ ಕೈಯಲ್ಲಿರುವ ತನಕ ಒಬ್ಬನೂ ನನ್ನ ಹತ್ತಿರ ಬರಲಾರ," ಎಂದ.

ಜೊತೆಗಾರ ಬೈದ, ಗೋಗರೆದ, ಕಣ್ಣೀರು ಹಾಕಿದ. ಸಿಪಾಯಿ ಜಗ್ಗಲಿಲ್ಲ. ಹೊತ್ತು ಮೀರುತ್ತಿತ್ತು. ಹತ್ತಿರದಲ್ಲಿ ಒಂದು ಒಂಟಿ ಮರ ಇತ್ತು, ಅದನ್ನೇ ಗುರುತಿಟ್ಟುಕೊಂಡು ಜೊತೆಗಾರ ಓಡಿದ.

ಸಿಪಾಯಿ ಹೆದರಲಿಲ್ಲ. ನೋವಿದ್ದರೂ ಅವನಿಗೆ ಒಳಗೊಳಗೇ ಹೆಮ್ಮೆ. ಸ್ವಲ್ಪ ಹೊತ್ತಿಗೆ ಹೊಳೆಯ ಕಡೆಯ ಹುಲ್ಲು ಅಲ್ಲಾಡಿತು. ಶತ್ರುಗಳು ಬಿದ್ದವರನ್ನು ಹುಡುಕುತ್ತ ಬರುತ್ತಿದ್ದರು. ಅವನು ಮಲಗಿದಲ್ಲಿಂದಲೇ ಗುಂಡು ಹಾರಿಸಿದ. ಅವರು ಬಂದ ದಾರಿ ಹಿಡಿದು ವಾಪಸು ಹೋದರು. ನೋಡು, ಅವನು ಹೇಳಿದ ಮಾತು ಸುಳ್ಳಾಗಲಿಲ್ಲ. ಬಂದೂಕಿನ ಕೆಲಸವನ್ನು ಬಂದೂಕು ಮಾಡಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಬಿಸಿಲು ಏರಿತು. ಬಟ್ಟೆ ಕಟ್ಟಿದ್ದರೂ ರಕ್ತ ಜಿನುಗುತ್ತಲೇ ಇತ್ತು. ನಾಲಿಗೆ ಒಣಗಿತು. ಆಗ ದೂರದಲ್ಲಿ ಕನ್ನಡ ಕೇಳಿಸಿತು. ಜೊತೆಗಾರ ಅವನ ಹೆಸರು ಹಿಡಿದು ಕೂಗುತ್ತಿದ್ದ, ಅವನೊಂದಿಗೆ ಸ್ಟ್ರೆಚರಿನವರು. ಆದರೆ ಅವರು ಹುಡುಕುತ್ತಿದ್ದುದು ಬೇರೆ ಮರದ ಬುಡದಲ್ಲಿ. ಆ ಬಯಲಿನಲ್ಲಿ ಮರಗಳೆಲ್ಲ ಒಂಟಿ ಮರಗಳೇ, ಓಡುವವನಿಗೆ ಅದು ಗೊತ್ತಾಗಿರಲಿಲ್ಲ. ಸಿಪಾಯಿ ಕೂಗಿದ. ಗಂಟಲಿನಿಂದ ಸ್ವರ ಹೊರಡಲಿಲ್ಲ. ಬಂದೂಕು ಇದೆಯಲ್ಲ ಎಂದುಕೊಂಡ. ನಾನು ಇಲ್ಲಿದ್ದೇನೆ ಎಂದು ತಿಳಿಸಲು ಆಕಾಶಕ್ಕೆ ಒಂದು ಗುಂಡು ಹಾರಿಸಿದ.

ಅವರೆಲ್ಲ ಧೊಪ್ಪನೆ ನೆಲಕ್ಕೆ ಬಿದ್ದರು. ಅವನು ಮತ್ತೊಂದು ಹಾರಿಸಿದ. ಅವರು ತೆವಳುತ್ತ ಹಿಂದಕ್ಕೆ ಹೋದರು. ಪಾಪ, ಅವರದೇನು ತಪ್ಪು? ಸ್ಟ್ರೆಚರ್ ಹೊತ್ತವರ ಕೈಯಲ್ಲಿ ಆಯುಧ ಇರುವುದಿಲ್ಲ. ಜೊತೆಗಾರನ ಲೆಕ್ಕದಲ್ಲಿ ಗೆಳೆಯ ಇರಬೇಕಾದದ್ದು ಈ ಮರದ ಬುಡದಲ್ಲಿ, ಗುಂಡು ಬಂದದ್ದು ಬೇರೆ ಕಡೆಯಿಂದ. ಹುಲ್ಲಿನಿಂದ ಬಂದ ಗುಂಡು ನಮ್ಮವನದೋ ಶತ್ರುವಿನದೋ ಎಂದು ವಿಚಾರಿಸುತ್ತ ನಿಲ್ಲುವವರು ಯಾರು?

ಸಿಪಾಯಿ ಅತ್ತ. ನೋವಿಗಲ್ಲ, ತನ್ನ ಮಾತು ತನಗೇ ನೆನಪಾಗಿ ಅತ್ತ. ಒಬ್ಬನೂ ಹತ್ತಿರ ಬರಲಾರ ಎಂದಿದ್ದ, ಒಬ್ಬನೂ ಬರಲಿಲ್ಲ. ಹೀಗೇ ಇದ್ದರೆ ಸಂಜೆಯ ಹೊತ್ತಿಗೆ ತನ್ನ ಪಕ್ಕದಲ್ಲಿ ಉಳಿಯುವುದು ಈ ಬಂದೂಕೊಂದೇ, ಅದನ್ನು ಒರೆಸಲು ತಾನಿರುವುದಿಲ್ಲ ಎಂಬುದು ಅವನಿಗೆ ಸ್ಪಷ್ಟವಾಗಿ ಕಂಡಿತು.

ಇನ್ನು ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಗೊತ್ತಿರುವುದು ಬೇರೆ, ಮಾಡುವುದು ಬೇರೆ. ನಳಿಕೆಗೆ ಕೆಸರು ತುಂಬಿದ ಬಂದೂಕಿನಿಂದ ಮತ್ತೆ ಗುಂಡು ಹಾರಿಸುವಂತಿಲ್ಲ, ಹಾರಿಸಿದರೆ ತನ್ನ ಮುಖಕ್ಕೇ ಸಿಡಿಯುತ್ತದೆ. ಹುಲ್ಲಿನ ಮೇಲೆ ಎದ್ದ ಟೋಪಿ ನಮ್ಮವರಿಗೆ ಕಂಡಂತೆ ಶತ್ರುಗಳಿಗೂ ಕಾಣುತ್ತದೆ. ಯಾರು ಮೊದಲು ನೋಡುತ್ತಾರೋ ಅವರ ಕೈಯಲ್ಲಿ ಅವನ ಜೀವ. ಗುಂಡಿಗೆ ಎದೆಯೊಡ್ಡಿದ ಆಳು ಇದಕ್ಕೆ ನಡುಗಿದ.

ಜೇಬಿನಿಂದ ಬಟ್ಟೆ ತೆಗೆದು ನಳಿಕೆಯ ಬಾಯಿ ಒರೆಸಿದ. ಅಭ್ಯಾಸ. ಕೆಸರಿಗೆ ಹೋಗುವುದನ್ನು ಒರೆಸುತ್ತಿದ್ದೇನಲ್ಲ ಎಂದು ತನಗೇ ನಗು ಬಂತು. ಒಳಗಿದ್ದ ಗುಂಡುಗಳನ್ನು ಹೊರಗೆ ತೆಗೆದ. ಬಂದೂಕನ್ನು ತಲೆಕೆಳಗು ಮಾಡಿದ. ಗಾಯವಾಗದ ಕಾಲಿನ ಮೊಣಕಾಲೂರಿ, ಎದೆಯ ಭಾರವನ್ನೆಲ್ಲ ಹಿಡಿಯ ಮೇಲೆ ಹಾಕಿ ಒತ್ತಿದ. ನಳಿಕೆ ಕೆಸರಿನಲ್ಲಿ ಗೇಣುದ್ದ ಇಳಿದು ನಿಂತಿತು. ಮೇಲೆ ತನ್ನ ಟೋಪಿ ಇಟ್ಟು ಅದರ ಬುಡದಲ್ಲಿ ಮಲಗಿದ. ಪಲ್ಟನ್ನಿಗೆ ಸೇರಿದಂದಿನಿಂದ ಅವನು ಅಷ್ಟು ಬರಿಗೈಯಾಗಿ ಎಂದೂ ಇರಲಿಲ್ಲ. ಅವ್ವನನ್ನು ನೆನೆದು ಕಣ್ಣು ಮುಚ್ಚಿದ.

ಬಯಲಿನ ಅಂಚಿನಲ್ಲಿ ಸ್ಟ್ರೆಚರಿನವರು ಹಿಂದಿರುಗಲು ಎದ್ದಿದ್ದರು. ಇನ್ನೊಂದು ಸಲ ನೋಡೋಣ ಎಂದು ಜೊತೆಗಾರ ಅವರ ಕಾಲು ಹಿಡಿಯುತ್ತಿದ್ದ. ಆಗ ಅವರಲ್ಲಿ ಒಬ್ಬ ಟೋಪಿ ಕಂಡಿತೆಂದು ಕೈ ತೋರಿಸಿದ. ಜೊತೆಗಾರ ನೋಡಿ ಕುಸಿದ. ಅದು ನನ್ನ ಗೆಳೆಯ ಅಲ್ಲ, ಅವನು ಸತ್ತರೂ ಬಂದೂಕನ್ನು ಕೆಸರಿಗೆ ಇಳಿಸುವವನಲ್ಲ ಎಂದ. ಅವನು ಹೇಳಿದ್ದೂ ಸರಿಯೇ, ಇಡೀ ಪಲ್ಟನ್ನಿಗೇ ಅದು ಗೊತ್ತಿತ್ತು. ಹಾಗಾದರೆ ಬೇರೆ ಯಾರೋ, ಅಥವಾ ಶತ್ರು ಒಡ್ಡಿದ ಬಲೆ, ಗುಂಡು ಬಂದದ್ದೂ ಅಲ್ಲಿಂದಲೇ ಎಂದು ಉಳಿದವರು ಹಿಂದೇಟು ಹಾಕಿದರು.

ಅವರ ನಾಯಕ ಹೆಚ್ಚು ಮಾತಿನ ಮನುಷ್ಯನಲ್ಲ.

"ಯಾರಾದರೇನು, ಅದರ ಕೆಳಗೆ ಒಬ್ಬ ಮನುಷ್ಯ ಇದ್ದಾನೆ," ಎಂದ. ಸ್ಟ್ರೆಚರ್ ಎತ್ತಿಕೊಂಡ. ಉಳಿದವರೂ ಎದ್ದರು.

ಸಿಪಾಯಿ ಕಣ್ಣು ತೆರೆದಾಗ ಜೊತೆಗಾರ ಅವನ ಮುಖದ ಮೇಲೆ ಬಗ್ಗಿ, ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ, ಅಳುತ್ತಲೂ ಇದ್ದ. ಅವನನ್ನು ಎತ್ತಿ ಮಲಗಿಸಿದರು. ಬಂದೂಕನ್ನು ಕೀಳಲು ನೋಡಿದರು, ಕೆಸರು ಬಿಡಲಿಲ್ಲ. ನಿಲ್ಲಲು ಹೊತ್ತಿಲ್ಲ, ಬಿಡಿ ಎಂದು ಸಿಪಾಯಿಯೇ ಹೇಳಿದ. ಸ್ಟ್ರೆಚರಿನಲ್ಲಿ ಹೋಗುವಾಗ ಅದು ಕಣ್ಮರೆಯಾಗುವ ತನಕ ತಿರುಗಿ ನೋಡುತ್ತಿದ್ದ.

ಬದುಕಿ ಊರಿಗೆ ಬಂದ. ಕಾಲು ಕುಂಟಾಯಿತು. ಮದುವೆಯಾದ, ಸವತಿಯ ಕಾಟ ಇರಲಿಲ್ಲ. ಮುದುಕನಾದ ಮೇಲೆ ಮೊಮ್ಮಕ್ಕಳು ಸುತ್ತ ಕೂತು, ಆ ಬಂದೂಕು ಹಿಡಿದು ನೀನು ಮಾಡಿದ ದೊಡ್ಡ ಕೆಲಸ ಯಾವುದು ತಾತಾ ಎಂದು ಕೇಳುತ್ತಿದ್ದರು. ಹೊಡೆದ ಗುರಿಗಳನ್ನು ಹೇಳುತ್ತಾನೆ ಎಂದು ಅವರ ಆಸೆ. ಅದನ್ನು ಕೆಸರಿಗೆ ಚುಚ್ಚಿದ್ದು ಎಂದು ಅವನು ಪ್ರತಿ ಸಲವೂ ಹೇಳುತ್ತಿದ್ದ. ಮಕ್ಕಳಿಗೆ ಬೇಸರವಾಗಿ ಎದ್ದು ಹೋಗುತ್ತಿದ್ದರು.

ಇಷ್ಟು ಹೇಳಿ ಅಜ್ಜನವರು ಎದ್ದರು. ಶಾಲು ಹೊದ್ದರು. ಪಾವುಗೆ ಮೆಟ್ಟಿದರು. ಮುರಿಗೆಯ್ಯ ಕೆಳಗಿಟ್ಟ ತಟ್ಟೆಯನ್ನು ನೋಡುತ್ತಿದ್ದ. ಅವನ ಮನಸ್ಸು ಅರ್ಧ ಒಪ್ಪಿತ್ತು, ಇನ್ನರ್ಧ ಒಪ್ಪಿರಲಿಲ್ಲ. ಏನೇ ಆದರೂ ಅದು ಬಂದೂಕೇ ಅಲ್ಲವೇ, ನಮ್ಮಂಥವರು ಅದಕ್ಕೆ ಹಾರ ಹಾಕಬಹುದು ಎನ್ನುವುದಕ್ಕೆ ಶಾಸ್ತ್ರದಲ್ಲಿ ಎಲ್ಲಿಯಾದರೂ ಆಧಾರ ಇದೆಯೇ ಎಂದು ಮೆಲ್ಲಗೆ ಕೇಳಿದ.

ಅಜ್ಜನವರು ಬಾಗಿಲಲ್ಲಿ ನಿಂತು ತಿರುಗಿದರು.

"ಇಲ್ಲಿ ಒಬ್ಬ ಮನುಷ್ಯ ಬಿದ್ದಿದ್ದಾನೆ ಬನ್ನಿ ಎಂದು ಅದು ಅಲ್ಲಿಂದ ಕರೆಯುತ್ತಿದೆ, ನೀನು ಇಲ್ಲಿ ಕೂತು ಆಧಾರ ಕೇಳುತ್ತಿದ್ದೀಯ."